ಆರನೇ ಮನೆಯ ತಗಡು

ತಗಡು ಹೊಡೆದದ್ದು ನಿಜವೋ, ಹೊಡೆದೆನೆಂದು ತಾನೇ ಅಂದುಕೊಂಡದ್ದೋ ಎಂಬುದು ಮೂರು ದಿನದಿಂದ ಡೆಲ್ಫಿನಾಗೆ ತಿಳಿಯದೆ ಹೋಗಿತ್ತು. ನೆನಪೇನೋ ಇತ್ತು. ಮೇ ತಿಂಗಳ ಮೂರು, ಶಿಲುಬೆ ಹಬ್ಬ, ಗಡಿಯಾಚೆಯ ತನ್ನ ಊರಲ್ಲಾಗಿದ್ದರೆ ಗಾರೆ ಕೆಲಸದವರು ಕಟ್ಟುತ್ತಿರುವ ಮನೆಯ ನೆತ್ತಿಗೆ ಹೂ ಸುತ್ತಿದ ಶಿಲುಬೆ ನಿಲ್ಲಿಸುವ ದಿನ. ಇಲ್ಲಿ ಮೇಸ್ತ್ರಿ ಲೈಲ್ ಅದಕ್ಕೆಲ್ಲ ಬಿಡುವು ಕೊಡುವವನಲ್ಲವಾದ್ದರಿಂದ ಅವಳು ಅಂಗೈಯಗಲದ ಒಂದೊಂದು ತಗಡಿನ ಮೇಲೂ ನೀಲಿ ಸೀಮೆಸುಣ್ಣದಲ್ಲಿ ಚಿಕ್ಕ ಶಿಲುಬೆ ಗೀಚಿ, ಗೋಡೆಯೊಳಗಿನ ಮರದ ಕಂಬಗಳಲ್ಲಿ ನೀರಿನ ಪೈಪು ತೂರಿಹೋಗುವ ಕಡೆಯಲ್ಲೆಲ್ಲ ಬಡಿದು ಕೂರಿಸಿದ್ದಳು. ಮೇಲೆ ಜಿಪ್ಸಂ ಹಲಗೆ ಮುಚ್ಚಿ ಸ್ಕ್ರೂ ಹೊಡೆಯುವಾಗ ಅದರ ಮೊನೆ ಪೈಪಿಗೆ ತಾಗದಿರಲಿ ಎಂದು ಇಡುವ ಕಾವಲು ಅದು, ಅಷ್ಟೆ. ಸುಲಭದ ಕೆಲಸವೆಂದು ಪ್ರತಿ ಮನೆಯಲ್ಲೂ ಆ ಮನೆಯ ಹೆಂಗಸಿಗೇ ಅದನ್ನು ವಹಿಸಿದ್ದರು. ಹೀಗೆಂದು ನೆನಪು. ಆದರೆ ಆ ನೆನಪನ್ನು ಎಷ್ಟು ನಂಬುವುದು? ದಿನಕ್ಕೆ ಹತ್ತು ಗಂಟೆ ಪ್ಯಾಕಿಂಗ್ ಶೆಡ್ಡಿನಲ್ಲಿ ಕಿತ್ತಳೆ ಆರಿಸಿ, ಮಲಗಿದರೂ ಕಣ್ಣೊಳಗೆ ಹಣ್ಣು ಉರುಳುವ ತಲೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದ ದಿನಗಳು ಒಂದೆರಡಲ್ಲ. ಗುರುವಾರ ಲೈಲ್ ಗೋಡೆ ಕೊಯ್ದು ಟಾರ್ಚು ಬಿಟ್ಟು, ತನ್ನ ಮುರುಕು ಸ್ಪ್ಯಾನಿಷಿನಲ್ಲಿ "ತಗಡು ಇಲ್ಲ" ಎಂದಾಗ ಅವಳು ಬಾಯಿ ತೆರೆದು ಇನ್ನೇನೋ ಹೇಳಹೊರಟವಳು, ಜೊತೆಗೂಡಿ ಮನೆ ಕಟ್ಟುತ್ತಿದ್ದ ಉಳಿದ ಒಂಬತ್ತು ಮನೆಯವರು ಸುತ್ತ ನಿಂತದ್ದನ್ನು ನೋಡಿ, "ಮರೆತಿರಬೇಕು" ಎಂದುಬಿಟ್ಟಿದ್ದಳು. ಯಾಕೆ ಹಾಗೆಂದೆ? ಯಾರೋ ಕಳ್ಳಿ ಎಂದಾಗ, ಕದ್ದಿರದಿದ್ದರೂ ಕೈ ತಾನಾಗಿ ಸೆರಗಿನೊಳಗೆ ಹೋಗುವ ಹಾಗೆ.

ಭಾನುವಾರದ ಬೆಳಿಗ್ಗೆ, ಹೊರಗೆ ಕಣಿವೆಯ ಮಂಜು ಕಿಟಕಿಗೆ ಮೆತ್ತಿಕೊಂಡಿತ್ತು. ಪಕ್ಕದ ಏಳನೇ ಮನೆ ಕೂಡ ಕಾಣುತ್ತಿರಲಿಲ್ಲ. ಡೆಲ್ಫಿನಾ ಆರನೇ ಮನೆಯ, ಇನ್ನೂ ವಾಸಕ್ಕೆ ಬಾರದ ತನ್ನ ಮನೆಯ, ಕಾರಿಡಾರಿನಲ್ಲಿ, ಲೈಲ್ ಕೊಯ್ದ ಗೋಡೆಯ ಮುಂದೆ ಮೊಣಕಾಲೂರಿ ಕೂತಿದ್ದಳು. ಒದ್ದೆ ಹಲಗೆಯ ಹಳಸು ವಾಸನೆ. ಹತ್ತು ದಿನದ ಹಿಂದೆ ಎಲ್ಲ ಮನೆಗೂ ನೀರು ಬಿಟ್ಟಿದ್ದರು. ಅವತ್ತಿನಿಂದ ಒಂದು ಸ್ಕ್ರೂವಿನ ಮೊನೆಯಲ್ಲಿ ದಾರದೆಳೆಯಷ್ಟು ನೀರು ಗೋಡೆಯೊಳಗೇ ಇಳಿದು, ಹಲಗೆಯನ್ನು ಕಪ್ಪಾಗಿಸಿ, ನೆಲವನ್ನು ಉಬ್ಬಿಸಿ, ಕೊನೆಗೆ ತಪಾಸಣೆಗೆ ಬಂದವನ ಬೂಟಿನ ಕೆಳಗೆ ಪಚಕ್ಕೆಂದು ತಾನಿರುವುದನ್ನು ತಿಳಿಸಿತ್ತು. ಒಂಬತ್ತು ಮನೆಗೆ ಹಸಿರು ಚೀಟಿ, ಆರನೆಯದಕ್ಕೆ ಕೆಂಪು. ಎಲ್ಲ ಪೈಪು ಬದಲಾಯಿಸಿ, ಒಣಗಿಸಿ, ಮತ್ತೆ ಮುಚ್ಚಲು ಆರು ವಾರ ಬೇಕೆಂದು ಲೈಲ್ ಲೆಕ್ಕ ಹಾಕಿದ್ದ. ಆ ಸ್ಕ್ರೂ ಹೊಡೆದವಳೂ ಅವಳೇ. ಬೇರೆಯವರು ಆಗಲೇ ಎತ್ತಿ ನಿಲ್ಲಿಸಿದ್ದ ಹಲಗೆಗೆ, ಡ್ರಿಲ್ಲನ್ನು ಹೊಟ್ಟೆಗೆ ಆನಿಸಿಕೊಂಡು, ಒಳಗೆ ತಗಡಿದೆಯಲ್ಲ ಎಂಬ ಧೈರ್ಯದಲ್ಲಿ, ಹಾಡಿಕೊಂಡು ಹೊಡೆದಿದ್ದಳು. ಏಳನೇ ಮನೆಯ ಗೆಳತಿ ಚಾಯೊಳ ಗಂಡ ಕ್ರಿಸ್ಪಿನ್ ಗುರುವಾರ ಎಲ್ಲರಿಗೂ ಕೇಳುವ ಹಾಗೆ, ಹೆಂಗಸರ ಕೈಗೆ ಡ್ರಿಲ್ ಕೊಟ್ಟರೆ ಗೋಡೆಯಲ್ಲೂ ಕಾರಂಜಿ ಏಳುತ್ತದೆ ಎಂದಿದ್ದ. ಒಂದಿಬ್ಬರು ನಕ್ಕಿದ್ದರು. ಅವಳೂ ನಕ್ಕಿದ್ದಳು, ಅದೇ ಈಗ ಮೈಯುರಿಸುತ್ತಿತ್ತು. ರಾತ್ರಿ ಬಾಡಿಗೆಯ ಟ್ರೇಲರ್ ಮನೆಯಲ್ಲಿ ಗಂಡ ಅನ್ಸೆಲ್ಮೊ, ಆಗಸ್ಟಿನಲ್ಲಿ ಕಿತ್ತಳೆ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಮಲಗಿದಲ್ಲೇ ಇರುವವನು, ಗೋಡೆಯ ಕಡೆ ತಿರುಗಿಯೇ ಕೇಳಿದ್ದ: "ಅದೆಲ್ಲ ಇರ್ಲಿ. ನೀನು ಹೊಡೆದಿದ್ಯಾ, ಇಲ್ವಾ?" ಇಪ್ಪತ್ತಾರು ವರ್ಷ ಒಟ್ಟಿಗೆ ಬಾಳಿದವನೂ ಕೇಳಿದ.

ಒದ್ದೆ ಮರವನ್ನು ಬಟ್ಟೆಯಿಂದ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿದಾಗ ಅದು ಕಂಡಿತು. ಕಂಬದ ಮೈಮೇಲೆ ನಾಲ್ಕು ಸಣ್ಣ ತೂತು, ಚೌಕದ ನಾಲ್ಕು ಮೂಲೆಯ ಹಾಗೆ. ತಗಡಿನ ಹಲ್ಲುಗಳು ಕಚ್ಚಿದ ಗುರುತು. ಅವಳು ಬೆರಳಿಟ್ಟು ಮುಟ್ಟಿದಳು. ಸ್ವಲ್ಪ ಮೇಲೆ, ನೀರು ತಾಗದ ಕಡೆ, ತಗಡಿನ ಅಂಚು ದಾಟಿ ಮರಕ್ಕೆ ಬಳಿದುಕೊಂಡಿದ್ದ ನೀಲಿಯ ಒಂದು ಗೀರು. ಡೆಲ್ಫಿನಾ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಹೊಡೆದಿದ್ದೆ! ತಲೆ ಕೆಟ್ಟಿಲ್ಲ, ಕೈ ಸುಳ್ಳಾಡಿಲ್ಲ. ಈಗಲೇ ಓಡಿಹೋಗಿ ಅನ್ಸೆಲ್ಮೊನ ಮುಖ ತನ್ನ ಕಡೆ ತಿರುಗಿಸಿ ಹೇಳಬೇಕೆನ್ನಿಸಿತು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಿರುವಾಗ, ಆ ತೂತುಗಳ ಒಂದು ಬದಿಯಲ್ಲಿ ಮರ ಜಜ್ಜಿದ್ದು ಕಾಣಿಸಿತು, ಇಕ್ಕಳ ಆನಿಸಿ ಮೀಟಿದ ಗುರುತು. ಹೊಡೆದದ್ದು ತಾನಾಗೇ ಬೀಳುವ ವಸ್ತುವಲ್ಲ ಅದು. ಯಾರೋ ಕಿತ್ತಿದ್ದಾರೆ. ಮೇ ತಿಂಗಳಲ್ಲಿ ತಪಾಸಣೆಯವನು ಈ ಗೋಡೆಗಳು ಇನ್ನೂ ತೆರೆದಿರುವಾಗಲೇ ನೋಡಿ, ತಗಡು ಎಣಿಸಿ, ಶುಕ್ರವಾರ ಸಹಿ ಹಾಕಿ ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಭಾನುವಾರ ಹಲಗೆ ಮುಚ್ಚಿದ್ದರು. ನಡುವೆ ಇದ್ದದ್ದು ಒಂದು ಶನಿವಾರ. ಆ ಶನಿವಾರ ಈ ಹತ್ತು ಮನೆಯವರಲ್ಲದೆ ಇಲ್ಲಿಗೆ ಹೊರಗಿನ ನಾಯಿಯೂ ಬಂದಿರಲಿಲ್ಲ.

ಮನೆ ಕಟ್ಟಿ ನೋಡು ಅನ್ನುತ್ತಾರೆ. ಹತ್ತು ಮನೆ ಒಟ್ಟಿಗೆ ಕಟ್ಟಿ ನೋಡಿದವರು ಆ ಗಾದೆ ಮಾಡಿದವರ ಪೈಕಿ ಇರಲಿಕ್ಕಿಲ್ಲ. ಮೊದಲ ದಿನವೇ ಮನೆ ಕಟ್ಟಿಸುವ ಸಂಸ್ಥೆಯವರು ಓದಿಸಿ ಹೇಳಿಸಿದ್ದ ಮಾತು: ಹತ್ತನೆಯ ಮನೆಯ ಬೀಗ ತಿರುಗುವ ತನಕ ಮೊದಲನೆಯ ಮನೆಯ ಬೀಗ ತಿರುಗುವುದಿಲ್ಲ. ಕೂಲಿಯವರ ಕೈಯಲ್ಲಿ ದುಡ್ಡಿಲ್ಲ, ದುಡ್ಡಿನ ಬದಲು ಮೈ ಇದೆ. ಪ್ರತಿ ಮನೆಯವರೂ ವಾರದ ರಜೆಗಳನ್ನೆಲ್ಲ ಸುರಿದು ಎಲ್ಲರ ಮನೆಯನ್ನೂ ಕಟ್ಟಬೇಕು, ನನ್ನದು ಮುಗಿಯಿತು ಎಂದು ಯಾರೂ ಕೈ ಒರೆಸಿಕೊಂಡು ಹೋಗುವಂತಿಲ್ಲ. ಎಷ್ಟು ಚೆಂದದ ಮಾತು ಎಂದು ಅವಳಿಗೆ ಅವತ್ತು ಕಣ್ಣು ತುಂಬಿತ್ತು. ಆಗ ಪಕ್ಕದ ಕುರ್ಚಿಯಲ್ಲಿ, ಏಳನೇ ಮನೆ ಸಿಗಬೇಕಿದ್ದ ಬಸಿಲಿಯೊ ಕೂತಿದ್ದ, ಒವಾಹಾಕದ ಬೆಟ್ಟದ ಕಡೆಯವನು, ಹೆಂಡತಿ ಎಪಿಫಾನಿಯ ಮಗುವನ್ನು ಶಾಲಿನಲ್ಲಿ ಕಟ್ಟಿಕೊಂಡು ಹಿಂದೆ ನಿಂತಿದ್ದಳು. ಅವರ ಮಾತೇ ಬೇರೆ, ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಪಾಯ ಹಾಕುವ ಮೊದಲೇ ಅವನು ಮೂರು ಶನಿವಾರ ತಪ್ಪಿಸಿದ್ದ, ದೂರದ ದ್ರಾಕ್ಷಿ ತೋಟದಲ್ಲಿ ಕೊಂಬೆ ಸವರುವ ಕೆಲಸ. ತಪ್ಪಿಸಿದವರನ್ನು ತೆಗೆಯಬಹುದು, ಎಲ್ಲರೂ ಕೈ ಎತ್ತಿದರೆ. ಎಲ್ಲರೂ ಎತ್ತದೆ ಇರಬಹುದಿತ್ತು. ಒಂದು ಕೈ ಕೆಳಗಿದ್ದರೂ ಸಾಕಿತ್ತು. ಡೆಲ್ಫಿನಾ ಎತ್ತಿದಳು. ಕಾಯುವವರ ಪಟ್ಟಿಯಲ್ಲಿ ಮುಂದಿನ ಹೆಸರು ಚಾಯೊಳದೆಂದು ಅವಳಿಗೆ ಗೊತ್ತಿತ್ತು, ಪಕ್ಕದ ಏಳನೇ ಮನೆ ಚಾಯೊಳದಾದರೆ ಜೀವನವೆಲ್ಲ ಒಂದು ಬೇಲಿಯ ಆಚೆ ಈಚೆ ಇರಬಹುದೆಂದೂ ಗೊತ್ತಿತ್ತು. ಸುತ್ತ ಎಲ್ಲರ ಕೈ ಮೇಲೆದ್ದದ್ದು ನೋಡಿ, ಏನೋ ಒಳ್ಳೆಯದಕ್ಕೇ ಇರಬೇಕೆಂದು, ಬಸಿಲಿಯೊ ಕೂಡ ನಗುತ್ತ ತನ್ನ ಕೈ ಎತ್ತಿದ. ಅವನ ಅಂಗೈಯಲ್ಲಿ ದ್ರಾಕ್ಷಿ ಕತ್ತರಿಯ ಗಾಯಕ್ಕೆ ಕಟ್ಟಿದ ಬಟ್ಟೆ ಇತ್ತು. ಮುಂದಿನ ಗುಂಪಿನಲ್ಲಿ ನಿನ್ನದೇ ಮೊದಲ ಹೆಸರು ಎಂದು ಮಾತು ಕೊಟ್ಟು ಕಳಿಸಿದರು. ಆಮೇಲೆ ಅವನು ಏನಾದನೆಂದು ಯಾರೂ ವಿಚಾರಿಸಲಿಲ್ಲ, ಅವಳೂ ವಿಚಾರಿಸಲಿಲ್ಲ. ಒಮ್ಮೆ ಸಂತೆಯಲ್ಲಿ ಎಪಿಫಾನಿಯಳನ್ನು ದೂರದಿಂದ ಕಂಡು ಹಸಿಮೆಣಸಿನ ರಾಶಿಯ ಹಿಂದೆ ಬಗ್ಗಿ ಕೂತಿದ್ದಳು.

ಬಾಗಿಲು ತಟ್ಟುವ ಸದ್ದಿಗೆ ಅವಳು ಬೆಚ್ಚಿ ಟಾರ್ಚು ಆರಿಸಿದಳು. ಚಾಯೊ ಬಂದಿದ್ದಳು, ಮಂಜಿನಿಂದ ಕೂದಲೆಲ್ಲ ಒದ್ದೆ, ಒಂದು ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ, ಕಂಕುಳಲ್ಲಿ ಒಂದು ಫೈಲು. ಪಾತ್ರೆಯಲ್ಲಿ ಕಡುಬಿನಂಥ ಬಿಸಿ ತಮಾಲೆ, ಸುತ್ತಿ ಬೇಯಿಸಿದ ಮೆಕ್ಕೆಜೋಳದ ಸಿಪ್ಪೆಯ ಘಮ ಆ ಹಳಸು ವಾಸನೆಯ ಮೇಲೆ ಹರಡಿತು. ಇಬ್ಬರೂ ಮಿಚೊಅಕಾನಿನ ಒಂದೇ ಊರವರು, ಒಂದೇ ಬಾವಿಯ ನೀರು ಕುಡಿದು ಬೆಳೆದವರು. ಚಿಕ್ಕಂದಿನಲ್ಲಿ ನೀನು, ಹೋಗೇ, ಬಾರೇ. ಡೆಲ್ಫಿನಾಳ ಮಗಳಿಗೆ, ಈಗ ಮದುವೆಯಾಗಿ ದೂರ ಹೋದವಳಿಗೆ, ಇಗರ್ಜಿಯಲ್ಲಿ ಹೆಸರಿಟ್ಟಾಗ ಚಾಯೊ ಧರ್ಮತಾಯಿಯಾಗಿ ನಿಂತಳು. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಕೊಮಾದ್ರೆಯಾದವರು ನೀನು ಅನ್ನುವಂತಿಲ್ಲ, ನೀವು ಅನ್ನಬೇಕು. ನಡುವೆ ದೇವರು ಬಂದು ಕೂತ ಮೇಲೆ ಗೆಳತನಕ್ಕೂ ಒಂದು ಮರ್ಯಾದೆ. ಮೊದಮೊದಲು ನೀವು ಎಂದು ಬಾಯಿಗೆ ಬಾರದೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಈಗ ಹತ್ತೊಂಬತ್ತು ವರ್ಷದ ಮೇಲೆ ಆ ನೀವು ನೀನಿಗಿಂತ ಹತ್ತಿರದ ಮಾತಾಗಿತ್ತು.

ಚಾಯೊ ತೆರೆದ ಗೋಡೆಯ ಕಡೆ ನೋಡದೆ ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆ ಇಟ್ಟಳು. ಅನ್ಸೆಲ್ಮೊನ ಸೊಂಟ, ಮಂಜು, ಶೆಡ್ಡಿನ ಹೊಸ ಮೇಲ್ವಿಚಾರಕಿ ಎಂದೆಲ್ಲ ಮಾತು ಸುತ್ತಿಸಿದಳು. ಎಲ್ಲ ಒಂಬತ್ತು ಮನೆಯವರೂ ಈ ತಿಂಗಳ ಕೊನೆಗೆ ಬಿಟ್ಟುಕೊಡುತ್ತೇವೆಂದು ತಮ್ಮ ಬಾಡಿಗೆ ಮನೆಗಳ ಮಾಲೀಕರಿಗೆ ಹೇಳಿಬಿಟ್ಟಿದ್ದಾರೆ, ಎರಡನೇ ಮನೆಯ ಎದ್ವೀಹೆಸ್ ಅಜ್ಜಿ ಸಾಮಾನೆಲ್ಲ ಕಟ್ಟಿ ಮಂಚವನ್ನೂ ಬಿಚ್ಚಿ ನೆಲದ ಮೇಲೆ ಮಲಗುತ್ತಿದ್ದಾಳೆ, ಆರು ವಾರ ಎಲ್ಲಿಗೆ ಹೋಗುವುದು ಅವರೆಲ್ಲ, ಎಂದಳು. ನಾವೂ ಹೇಳಿಬಿಟ್ಟಿದ್ದೇವೆ ಎಂದು ಡೆಲ್ಫಿನಾ ಅನ್ನಲಿಲ್ಲ. ಚಾಯೊಗೆ ಅದು ಗೊತ್ತಿತ್ತು. ಆಮೇಲೆ ಫೈಲು ತೆರೆದಳು. ಒಂದು ಹಾಳೆ. ಆರನೇ ಮನೆಯನ್ನು ಹೊರತುಪಡಿಸಿ ಉಳಿದವರಿಗೆ ಬೀಗದ ಕೈ ಕೊಡಬೇಕು, ಇದಕ್ಕೆ ನಮ್ಮೆಲ್ಲರ ಒಪ್ಪಿಗೆ ಇದೆ. ಹತ್ತು ಗೆರೆ, ಒಂಬತ್ತರ ಮೇಲೆ ಹೆಸರು. ನಿಯಮ ಮುರಿಯಬೇಕಾದರೆ ಹತ್ತೂ ಮನೆಯವರ ಸಹಿ ಬೇಕು, ಹೊರಗೆ ಬೀಳುವವರದ್ದೂ ಸೇರಿ. ಐದನೆಯ ಗೆರೆಯಲ್ಲಿ ಚಾಯೊಳ ದುಂಡು ಅಕ್ಷರ. ಕೊನೆಯದಾಗಿಯೂ ಅಲ್ಲ, ಮನಸ್ಸಿಲ್ಲದ ಮನಸ್ಸಿನಿಂದಲೂ ಅಲ್ಲ, ಐದನೆಯವಳಾಗಿ.

"ನಿಮ್ಮನೆ ಕೆಲಸಕ್ಕೆ ಶನಿವಾರ ಶನಿವಾರ ಎಲ್ಲರೂ ಬರ್ತಾರೆ ಕೊಮಾದ್ರೆ," ಎಂದಳು ಚಾಯೊ. "ನಾನೇ ಎಳ್ಕೊಂಡ್ ಬರ್ತೀನಿ. ನಿಮ್ಮನ್ನ ಬಿಟ್ಟು ನಂಗೆ ಮನೆ ಯಾಕೆ ಬೇಕು ಹೇಳಿ?"

ಡೆಲ್ಫಿನಾ ಹಾಳೆಯನ್ನೇ ನೋಡುತ್ತಿದ್ದಳು. ಬೀಗದ ಕೈ ಸಿಕ್ಕಿದವರು ಶನಿವಾರ ಪರದೆ ಕಟ್ಟುತ್ತಾರೆ, ಗುಲಾಬಿ ಗಿಡ ನೆಡುತ್ತಾರೆ. ಮೊದಲ ಶನಿವಾರ ನಾಲ್ಕು ಜನ ಬಂದಾರು, ಎರಡನೆಯದಕ್ಕೆ ಒಬ್ಬ, ಮೂರನೆಯದಕ್ಕೆ ಕ್ಷಮೆ. ಮಾರ್ಚ್ ಕೊನೆಯೊಳಗೆ ಮನೆ ಮುಗಿಯದಿದ್ದರೆ ಅವಳ ಹೆಸರಿಗೆ ಮಂಜೂರಾದದ್ದು ರದ್ದಾಗುತ್ತದೆ, ಮನೆ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ಅದನ್ನು ಲೈಲ್ ಗುರುವಾರವೇ ನೆಲ ನೋಡುತ್ತ ಹೇಳಿದ್ದ. ಸೊಂಟ ಮುರಿದ ಗಂಡ, ತಾನು ಒಬ್ಬಳು, ಇಡೀ ಮನೆಯ ಪೈಪು. ಕೈಗೆ ಬಂದ ತುತ್ತು ಬಾಯಿಗಿಲ್ಲ. ಅದಕ್ಕೆ ತಾನೇ ಸಹಿ ಹಾಕಬೇಕು, ನಗುತ್ತ. ಮೇಲೆದ್ದ ಆ ಕೈ, ಆ ಬಟ್ಟೆ ಕಟ್ಟಿದ ಅಂಗೈ. ಮಾಡಿದ್ದುಣ್ಣೋ ಮಾರಾಯ. ಹಾಕಿಬಿಡಲೇ? ಒಂದು ಗಳಿಗೆ ನಿಜವಾಗಿಯೂ ಹಾಕಿಬಿಡೋಣವೆನ್ನಿಸಿತು. ಅದರಲ್ಲಿ ಒಂದು ಬಗೆಯ ನೆಮ್ಮದಿ ಇತ್ತು, ಬಸಿಲಿಯೊಗೆ ತೀರಿಸಿದಂತೆ. ಚಾಯೊ ಪೆನ್ನಿಗಾಗಿ ಏಪ್ರನ್ನಿನ ದೊಡ್ಡ ಜೇಬಿಗೆ ಕೈ ಹಾಕಿದಳು, ಒಳಗೆ ಬೀಗದ ಕೈಯೋ ಚಿಲ್ಲರೆಯೋ ಕಿಣಿಕಿಣಿ ಎಂದಿತು, ಅದೇ ಹಳದಿ ಹೂವಿನ ಏಪ್ರನ್, ಅದೇ ಜೇಬು, ಡೆಲ್ಫಿನಾಗೆ ಥಟ್ಟನೆ ನೆನಪಾಯಿತು, ಮೇ ತಿಂಗಳ ಆ ಬಿಸಿಲಿನ ಶನಿವಾರದ ಸಂಜೆ, ಏಳನೇ ಮನೆಯ ಗೋಡೆಗಳಿನ್ನೂ ಬರೀ ಕಂಬ, ಸೋಮವಾರ ಬೆಳಿಗ್ಗೆ ತಪಾಸಣೆ. ತಗಡು ಸಾಲದೆ ಬಂದು ಲೈಲ್ ತರಲು ಹೋಗಿದ್ದಾನೆ, ಅಂಗಡಿಯಲ್ಲಿ ಇಲ್ಲವಂತೆ, ಬರುವ ವಾರ ಬರುತ್ತದಂತೆ. ಕ್ರಿಸ್ಪಿನ್ ಸಿಡಿಮಿಡಿ. ಆಗ ಚಾಯೊ ಎಲ್ಲಿಂದಲೋ ಬಂದು ಇದೇ ಜೇಬಿನಿಂದ ಹಿಡಿ ಹಿಡಿ ತಗಡು ಸುರಿದಳು, ಲೈಲ್‌ನ ಟ್ರಕ್ಕಿನ ಮೂಲೆಯಲ್ಲಿ ಸಿಕ್ಕಿತು ಎಂದಳು. ಡೆಲ್ಫಿನಾಳ ಕೈ ಪಳಗಿತ್ತು, ಅವಳೇ ಕೂತು ಒಂದೊಂದಾಗಿ ಹೊಡೆದುಕೊಟ್ಟಳು. ಕೆಲವದರ ಹಲ್ಲು ಸೊಟ್ಟಗಿತ್ತು, ನೆಟ್ಟಗೆ ಮಾಡಿ ಹೊಡೆದಳು. ಎಲ್ಲ ಒದ್ದೆಯಾಗಿದ್ದವು, ಯಾರೋ ತೊಳೆದು ಒರೆಸಿದ ಹಾಗೆ. ಒಂದರ ಮೂಲೆಯಲ್ಲಿ ನೀಲಿ ಇತ್ತು. ತನ್ನ ಹೆಬ್ಬೆರಳಿನದೇ ಬಳಿದುಕೊಂಡಿರಬೇಕೆಂದು ಒರೆಸಿ, ಹೊಡೆದಿದ್ದಳು.

ಪೆನ್ನು ಹಿಡಿದ ಚಾಯೊಳ ಕೈ ಮುಂದಕ್ಕೆ ಚಾಚಿಯೇ ಇತ್ತು. ಡೆಲ್ಫಿನಾ ಅದನ್ನು ತೆಗೆದುಕೊಳ್ಳದೆ ಕಾರಿಡಾರಿಗೆ ಹೋದಳು. ಅಲ್ಲಿ ಕರೆಂಟಿನ ಪೆಟ್ಟಿಗೆಯ ತಗಡಿನ ಬಾಗಿಲಿಗೆ ಒಂದು ಮ್ಯಾಗ್ನೆಟ್ ಅಂಟಿಸಿದ್ದಳು, ಊರಿನ ಇಗರ್ಜಿಯ ಗೋಪುರದ ಆಕಾರದ್ದು. ಸೂರು ಏರಿದ ದಿನ ಚಾಯೊ ಕೊಟ್ಟದ್ದು, ಫ್ರಿಜ್ ಬಂದ ಮೇಲೆ ಅದಕ್ಕೆ ಹಾಕಿಕೊಳ್ಳಿ ಎಂದು. ಅದನ್ನು ಕಿತ್ತುಕೊಂಡು ಬಂದು ಅಡುಗೆಮನೆಯ ಸಿಂಕಿನ ಮೇಲೆ, ಒಳಗೆ ಪೈಪು ಹೋಗುವ ಕಡೆ, ಗೋಡೆಗೆ ಇಟ್ಟು ಕೈ ಬಿಟ್ಟಳು. ಒಳಗೆ ತಗಡಿದ್ದರೆ ಕಚ್ಚಿ ನಿಲ್ಲಬೇಕಿತ್ತು, ಅದು ಟಪ್ಪನೆ ಸಿಂಕಿಗೆ ಬಿತ್ತು. ಒಂದು ಗೇಣು ಸರಿದು ಮತ್ತೆ ಇಟ್ಟಳು. ಬಿತ್ತು. ಇನ್ನೊಂದು ಕಂಬದ ಮೇಲೆ, ಬಿತ್ತು.

"ಏನ್ ಮಾಡ್ತಿದೀರಾ ಕೊಮಾದ್ರೆ?" ಎಂದಳು ಚಾಯೊ. ಆದರೆ ಅವಳ ದನಿಗೆ ಉತ್ತರ ಬೇಕಾಗಿರಲಿಲ್ಲ, ಅದನ್ನು ಡೆಲ್ಫಿನಾ ಕೇಳಿಸಿಕೊಂಡಳು.

"ನಿಮ್ಮನೇಗೆ ಹೋಗೋಣ," ಎಂದಳು. "ಸಹಿ ವಿಷ್ಯ ಅಲ್ಲೇ ಮಾತಾಡೋಣ."

ಅಂಗಳ ದಾಟಿದ್ದು ಇಪ್ಪತ್ತು ಹೆಜ್ಜೆ ಇರಬಹುದು. ಮಂಜಿನಲ್ಲಿ ಮುಂದೆ ಹಳದಿ ಏಪ್ರನ್ನಿನ ಬೆನ್ನು, ಹಿಂದೆ ತಾನು. ಅಮ್ಮನಿಗೆ ಗೊತ್ತಾಗದ ಹಾಗೆ ಜೋಳದ ಹೊಲದಲ್ಲಿ ಹೀಗೇ ಹೋಗುತ್ತಿದ್ದರು ಇಬ್ಬರೂ, ಚಾಯೊ ಮುಂದೆ, ಅವಳು ಹಿಂದೆ. ಎಲೆ ಮುಖಕ್ಕೆ ಬಡಿಯದಂತೆ ಚಾಯೊ ಹಿಡಿದುಕೊಂಡು, ಹೂಂ ಎಂದ ಮೇಲೆ ಬಿಡುತ್ತಿದ್ದಳು. ಅನ್ಸೆಲ್ಮೊ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ಚಾಯೊ ದಿನಾ ಊಟ ತಂದಿದ್ದಳು. ಆಗ ಈ ತಗಡುಗಳು ಅವಳ ಗೋಡೆಯಲ್ಲಿ ಕೂತು ಮೂರು ತಿಂಗಳಾಗಿತ್ತು. ಆ ಊಟವನ್ನು ಈಗ ಏನು ಮಾಡುವುದು? ಅದಕ್ಕೂ ಮುಂಚೆ, ಚಾಯೊ ಗರ್ಭಿಣಿಯಾಗಿ ಗಡಿ ದಾಟಿ ಬಂದಾಗ, ಡೆಲ್ಫಿನಾಳ ಟ್ರೇಲರಿನ ಒಂದೇ ಮಂಚದಲ್ಲಿ ಎಂಟು ತಿಂಗಳು ಮಲಗಿದ್ದಳು, ಅನ್ಸೆಲ್ಮೊ ನೆಲದ ಮೇಲೆ. ಉಂಡ ಮನೆಯ ಗಳ ಎಣಿಸುವವರು ಎಂದು ಬೈಯುತ್ತಾರೆ ಜನ. ಇವಳು ಎಣಿಸಲಿಲ್ಲ, ಕಿತ್ತುಕೊಂಡೇ ಹೋದಳು.

ಏಳನೇ ಮನೆ ಬೆಚ್ಚಗಿತ್ತು, ಹೊಸ ಬಣ್ಣದ ವಾಸನೆ. ಮಧ್ಯಾಹ್ನ ಮೂರು ಗಂಟೆಗೆ ಹತ್ತೂ ಮನೆಯವರು ಸೇರುವ ಸಭೆಗೆಂದು ಅಡುಗೆಮನೆಯಲ್ಲಿ ಆಗಲೇ ಕುರ್ಚಿಗಳನ್ನು ಜೋಡಿಸಿದ್ದರು. ಯಾವಾಗಲೂ ಸಭೆ ಇಲ್ಲೇ, ನಡುವಿನ ಮನೆಯೆಂದು. ಗೋಡೆಗೆ ಚಾಯೊ ಏಪ್ರಿಕಾಟ್ ಬಣ್ಣ ಆರಿಸಿದ್ದಳು. ಅದನ್ನು ಬಳಿದದ್ದೂ ಡೆಲ್ಫಿನಾ, ಎರಡು ಕೈ. ಅವಳು ನೇರ ಸಿಂಕಿನ ಪಕ್ಕದ ಗೋಡೆಗೆ ಹೋಗಿ, ಕುತ್ತಿಗೆಯ ಎತ್ತರದಲ್ಲಿ ಮ್ಯಾಗ್ನೆಟ್ ಇಟ್ಟಳು. ಎಲ್ಲಿಡಬೇಕೆಂದು ಹುಡುಕಬೇಕಾಗಿರಲಿಲ್ಲ. ಅಂಗೈಯಿಂದ ಯಾರೋ ಎಳೆದುಕೊಂಡಂತೆ ಅದು ಗೋಡೆಗೆ ಕಚ್ಚಿ ನಿಂತಿತು.

ಇಬ್ಬರೂ ಆ ಪುಟ್ಟ ಗೋಪುರವನ್ನು ನೋಡಿದರು.

"ಎಲ್ಲರ ಮನೇಲೂ ಅಂಟತ್ತೆ ಕೊಮಾದ್ರೆ," ಎಂದಳು ಚಾಯೊ.

"ನಮ್ಮನೇಲಿ ಬೀಳತ್ತೆ. ನೋಡಿದ್ಯಲ್ಲ."

ನೋಡಿದ್ಯಲ್ಲ. ಆಡಿದ ಮೇಲೆ ಅದು ಡೆಲ್ಫಿನಾಳ ಕಿವಿಗೂ ಬಿತ್ತು. ಚಾಯೊಳ ಮುಖ ಬಿಳಿಚಿತು. ತಗಡಿನ ಮಾತಿಗಿಂತ ಆ ಏಕವಚನಕ್ಕೆ. ಅವಳು ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಆಮೇಲೆ ಮಾತು ತಾನಾಗಿ ಬಂತು, ತಗ್ಗಿದ ದನಿಯಲ್ಲಿ, ಯಾರೋ ಮೂರನೆಯವರ ಸಂಗತಿ ಹೇಳುವಂತೆ. ಸೋಮವಾರ ತಪಾಸಣೆಯಲ್ಲಿ ಬಿದ್ದರೆ ತಮ್ಮನ್ನೂ ಬಸಿಲಿಯೊನ ಹಾಗೆ ತೆಗೆಯುತ್ತಾರೆಂದು ಕ್ರಿಸ್ಪಿನ್ ಹೆದರಿಸಿದ್ದನಂತೆ. ಆರನೆಯದರ ಕಾಗದ ಆಗಿಹೋಗಿದೆ, ಇನ್ನು ಅಲ್ಲಿ ಯಾರೂ ನೋಡುವುದಿಲ್ಲ, ಹೊಸದು ಬಂದ ಮೇಲೆ ವಾಪಸು ಹೊಡೆದರಾಯಿತು ಎಂದಿದ್ದನಂತೆ. ಭಾನುವಾರವೇ ಹಲಗೆ ಮುಚ್ಚುತ್ತಾರೆಂದು ತಮಗೆ ಗೊತ್ತಿರಲಿಲ್ಲವಂತೆ. ಮುಚ್ಚಿದ ಮೇಲೆ ಹೇಳುವುದು ಹೇಗೆ? ಎಷ್ಟೋ ಸಲ ಬಾಯಿಗೆ ಬಂದಿತ್ತಂತೆ, ಆಸ್ಪತ್ರೆಯಲ್ಲೂ.

"ಗುರುವಾರ?" ಎಂದಳು ಡೆಲ್ಫಿನಾ. "ನಾನು ಮರೆತಿರಬೇಕು ಅಂತ ಎಲ್ಲರ ಮುಂದೆ ಅಂದೆ. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನನ್ನ ಭುಜದ ಮೇಲೆ ಕೈ ಇಟ್ಟಿದ್ದೆ."

ಚಾಯೊ ಕಣ್ಣೊರೆಸಿಕೊಂಡಳು. ಆಮೇಲೆ, ಸಿಕ್ಕಿಬಿದ್ದ ಪ್ರಾಣಿ ತಿರುಗಿ ಕಚ್ಚುವ ಹಾಗೆ, "ಈ ಗೋಡೇಲಿ ಹೊಡೆದಿದ್ದು ನೀವೇ ಅಲ್ವಾ?" ಎಂದಳು. "ನಿಮ್ಮ ಕೈಯಾರೆ ಹೊಡೆದ್ರಿ. ನಿಮ್ಮದೇ ತಗಡು ನಿಮಗೇ ಗುರುತು ಸಿಗಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಈ ಮಾತು ನಿಜವಾಗಿತ್ತು, ಅದಕ್ಕೇ ಡೆಲ್ಫಿನಾಗೆ ಹೊಡೆತ ಎಲ್ಲಿಗೆ ಬಿತ್ತೆಂದು ತಕ್ಷಣ ತಿಳಿಯಲಿಲ್ಲ. ಅವಳು ನೀಲಿಯನ್ನು ನೋಡಿದ್ದಳು. ಸೊಟ್ಟ ಹಲ್ಲುಗಳನ್ನು ನೆಟ್ಟಗೆ ಮಾಡಿದ್ದಳು. ನೋಡಿಯೂ ನೋಡದ ಹಾಗೆ ಮಾಡಿದ್ದು ಪ್ರೀತಿಯೇ ಇರಬಹುದು. ಬಸಿಲಿಯೊನನ್ನು ತೆಗೆಯಲು ಕೈ ಎತ್ತಿಸಿದ್ದೂ ಅದೇ ಪ್ರೀತಿ. ಆ ಪ್ರೀತಿಯ ಮೇಲೆ ಅವಳಿಗೆ ಈಗ ಅಸಹ್ಯ ಹುಟ್ಟಿತು. ಈ ಮನೆ ಎಪಿಫಾನಿಯಳದು, ಅವಳು ಈ ಕಿಟಕಿಗೆ ಬೇರೆ ಯಾವುದೋ ಬಣ್ಣ ಬಳಿಯುತ್ತಿದ್ದಳು, ಅವಳು ಪಕ್ಕದಲ್ಲಿದ್ದಿದ್ದರೆ ತಮಾಲೆ ಕೊಡುತ್ತಿರಲಿಲ್ಲ, ತಗಡನ್ನೂ ಕೀಳುತ್ತಿರಲಿಲ್ಲ ಎಂದು ಯೋಚಿಸಿದಳು. ಕೀಳುತ್ತಿದ್ದಳೋ ಏನೋ, ಯಾರಿಗೆ ಗೊತ್ತು. ಆದರೆ ಅದು ಇಷ್ಟು ನೋಯುತ್ತಿರಲಿಲ್ಲ.

ಅವಳು ಚಾಯೊಳ ಕೈಯಿಂದ ಹಾಳೆ ತೆಗೆದುಕೊಂಡಳು. ಪೆನ್ನನ್ನು ಅಲ್ಲೇ ಬಿಟ್ಟಳು. ಮ್ಯಾಗ್ನೆಟ್ಟನ್ನು ಎತ್ತಿ, ಹಾಳೆಯನ್ನು ಗೋಡೆಗೆ ಹಿಡಿದು, ಮೇಲೆ ಗೋಪುರವನ್ನು ಇಟ್ಟಳು. ಕೆಳಗೆ ಒಂಬತ್ತು ಹೆಸರು, ಒಂದು ಖಾಲಿ ಗೆರೆ. ಮೊಳೆಯಿಲ್ಲದೆ, ಅಂಟಿಲ್ಲದೆ, ಬರೀ ಗೋಡೆಯ ಮೇಲೆ ಹಾಳೆ ನಿಂತುಕೊಂಡಿತು. ಮನೆ ಕಟ್ಟಿದ ಯಾರೇ ನೋಡಲಿ, ಅದು ಹೇಗೆ ನಿಂತಿದೆ, ಒಳಗೆ ಏನಿದೆ ಎಂದು ಕೇಳದೆ ಬಿಡುವವರಲ್ಲ.

"ನಾನು ಸಹಿ ಹಾಕಲ್ಲ. ಆರು ವಾರ ಎಲ್ಲರೂ ಕಾಯ್ಲಿ, ನನ್ನ ಬೈಕೊಂಡೇ ಕಾಯ್ಲಿ. ಯಾಕೆ ಕಾಯಬೇಕು ಅಂತ ಮೂರು ಗಂಟೆಗೆ ನೀನು ಹೇಳು."

"ತೆಗೀರಿ ಅದನ್ನ. ಕೈ ಮುಗೀತೀನಿ. ಕ್ರಿಸ್ಪಿನ್ ನನ್ನ ಸಾಯಿಸ್ತಾನೆ."

"ನೀನೇ ತೆಗಿ. ನಿನ್ನ ಗೋಡೆ."

ಟ್ರೇಲರಿಗೆ ಹೋಗಿ ಅವಳು ಅನ್ಸೆಲ್ಮೊಗೆ, ಹೊಡೆದಿದ್ದೆ ಎಂದಳು. ಅವನು ತಿರುಗಿ ಅವಳ ಮುಖ ನೋಡಿದ. ತಮಾಲೆಯನ್ನು ಆರನೇ ಮನೆಯಲ್ಲೇ ಬಿಟ್ಟುಬಂದಿದ್ದಳು. ಹುರುಳಿ ಬಿಸಿ ಮಾಡಿ ಇಬ್ಬರೂ ತಿಂದ ಮೇಲೆ ತಲೆ ಬಾಚಿಕೊಂಡು, ಇಗರ್ಜಿಗೆ ಹೋಗುವಾಗ ಹಾಕುವ ಕೋಟು ಹಾಕಿಕೊಂಡು ಮೂರಕ್ಕೆ ಐದು ನಿಮಿಷವಿರುವಾಗ ಏಳನೇ ಮನೆಯ ಮೆಟ್ಟಿಲು ಹತ್ತಿದಳು. ಒಳಗೆ ಎಲ್ಲರೂ ಬಂದಿದ್ದರು. ಮಾತು ನಿಂತಿತು. ಯಾರೋ ಕುರ್ಚಿ ಸರಿಸಿ ಜಾಗ ಕೊಟ್ಟರು, ಸತ್ತವರ ಮನೆಯಿಂದ ಬಂದವರಿಗೆ ಕೊಡುವ ಹಾಗೆ. ಎದ್ವೀಹೆಸ್ ಅಜ್ಜಿ ಜಪಮಾಲೆಯನ್ನು ಮಡಿಲಲ್ಲಿ ಹಿಡಿದು ಅವಳ ಕಡೆಗೇ ನೋಡುತ್ತಿದ್ದಳು, ಕೋಪದಿಂದ ಅಲ್ಲ, ಬೇಡುವ ಹಾಗೆ. ಆ ನೋಟ ತಪ್ಪಿಸಿ ಡೆಲ್ಫಿನಾ ಗೋಡೆಯ ಕಡೆ ನೋಡಿದಳು. ಹಾಳೆ ಕಾಣಲಿಲ್ಲ.

ಆಮೇಲೆ ಕಂಡಿತು. ಬೆಳಿಗ್ಗೆ ಜೋಡಿಸಿದ್ದ ಸಾಲಿನಿಂದ ಒಂದು ಎತ್ತರದ ಕುರ್ಚಿಯನ್ನು ಮಾತ್ರ ಹಿಂದಕ್ಕೆ, ಸಿಂಕಿನ ಪಕ್ಕದ ಗೋಡೆಗೆ ಒತ್ತಿ ಇಟ್ಟಿದ್ದರು. ಅದರಲ್ಲಿ ಚಾಯೊ ಕೂತಿದ್ದಳು, ಬೆನ್ನು ನೆಟ್ಟಗೆ ಮಾಡಿ, ತಲೆಯನ್ನು ಗೋಡೆಗೆ ಆನಿಸಿ. ಯಾವತ್ತೂ ಬಿಗಿದು ಕಟ್ಟಿದ ತುರುಬು. ಇವತ್ತು ಕೂದಲನ್ನು ಪೂರಾ ಬಿಚ್ಚಿ ಎರಡು ಕಡೆಗೂ ಹರಡಿಕೊಂಡಿದ್ದಳು. ಕಿವಿಯ ಪಕ್ಕದಲ್ಲಿ ಹಾಳೆಯ ಬಿಳಿ ಮೂಲೆಯೊಂದು ಇಣುಕುತ್ತಿತ್ತು. ಕ್ರಿಸ್ಪಿನ್ ಬಾಗಿಲ ಬಳಿ ನಿಂತು ಯಾರೊಂದಿಗೋ ನಗುತ್ತಿದ್ದ. ತೆಗೆಯಲೂ ಇಲ್ಲ, ಹೇಳಲೂ ಇಲ್ಲ. ತಲೆಯಿಂದ ಮುಚ್ಚಿಕೊಂಡು ಕೂತಿದ್ದಾಳೆ. ಚಿಕ್ಕಂದಿನಿಂದ ಗುರುತಿದ್ದ ಮುಖ ಅದು, ಆದರೆ ಡೆಲ್ಫಿನಾ ಎಷ್ಟು ನೋಡಿದರೂ ಆ ಕಣ್ಣು ಅವಳ ಕಡೆ ಬರಲಿಲ್ಲ.

ಲೈಲ್ ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ಎಲ್ಲರೂ ಬಂದಾಯಿತಲ್ಲ, ಬೇಗ ಮುಗಿಸೋಣ ಎಂದ. ಸುತ್ತ ನೋಡಿ, ಹಾಳೆ ಯಾರ ಹತ್ತಿರ ಇದೆ ಎಂದು ಕೇಳಿದ.

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಚಾಯೊಳ ಹತ್ತಿರ ಇತ್ತಲ್ಲ ಎಂದು ಯಾರೋ ಅಂದರು. ಎಲ್ಲರೂ ಅವಳ ಕಡೆ ತಿರುಗಿದರು.

"ಚಾಯೊ, ಹಾಳೆ ಎಲ್ಲಿ?" ಎಂದ ಲೈಲ್.

ಇಲ್ಲ ಎನ್ನಲು ತಲೆ ಆಡಿಸಬೇಕಿತ್ತು, ಆಡಿಸಿದರೆ ಹಿಂದಿನ ಹಾಳೆ ಕಾಣುತ್ತಿತ್ತು. ಚಾಯೊ ಆಡಿಸಲಿಲ್ಲ. ಡೆಲ್ಫಿನಾ ಕೋಟಿನ ಗುಂಡಿ ಬಿಚ್ಚಿ, ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು, ಕಾಯುತ್ತ ಕೂತಳು.